ಯುದ್ಧಕಾಲದ ಜರ್ಮನಿಯಲ್ಲಿ ಮದ್ದುಗುಂಡನ್ನು ಕೈದಿಗಳ ಕೈಗೆ ಕೊಟ್ಟಿದ್ದು ಯಾವ ಧೈರ್ಯದ ಮೇಲೆ?

ಪ್ರಶ್ನೆ: ನಿವೃತ್ತ ಉಗ್ರಾಣಿ

ಸೇನೆಯ ಮದ್ದುಗುಂಡಿನ ದಾಸ್ತಾನಿನಲ್ಲಿ ಉಗ್ರಾಣಿಯಾಗಿ ದುಡಿದು ನಿವೃತ್ತನಾದವನು ನಾನು. ಇತಿಹಾಸ ಓದಿದವನಲ್ಲ. ಆದರೆ ಮದ್ದಿನ ಮನೆಯ ಕಟ್ಟುಪಾಡು ಮೈಗೆ ಹತ್ತಿದೆ. ಗೇಟಿನಲ್ಲೇ ಬೆಂಕಿಪೊಟ್ಟಣ ಒಪ್ಪಿಸಬೇಕು. ಮೊಳೆ ಹೊಡೆದ ಪಾದರಕ್ಷೆ ಕೂಡದು. ಪೆಟ್ಟಿಗೆ ತೆರೆಯಲು ಕಿಡಿ ಹಾರದ ಹಿತ್ತಾಳೆಯ ಉಪಕರಣ, ಇಲ್ಲವೇ ಮರದ್ದು. ಪೆಟ್ಟಿಗೆಯನ್ನು ನೆಲದ ಮೇಲೆ ಎಳೆಯುವಂತಿಲ್ಲ, ಇಬ್ಬರು ಎತ್ತಿ ಇಡಬೇಕು. ಜ್ವರ ಬಂದವನನ್ನು, ರಾತ್ರಿ ನಿದ್ದೆಗೆಟ್ಟವನನ್ನು, ಮನೆಯಲ್ಲಿ ಜಗಳವಾಡಿ ಬಂದವನನ್ನು ಮುಖ ನೋಡಿಯೇ ಹಿಂದಕ್ಕೆ ಕಳುಹಿಸುತ್ತಿದ್ದೆ. ನಡುಗುವ ಕೈಗೆ, ಮದ್ದನ್ನು ಸಿಡಿಸುವ ಡಿಟೋನೇಟರ್ ಕೊಡಬಾರದು ಎಂಬುದು ನಮ್ಮಲ್ಲಿ ಮೊದಲ ಪಾಠ.

ಮಗಳು ಜರ್ಮನಿಯ ಹೆಸ್ಸೆನ್ ರಾಜ್ಯದಲ್ಲಿದ್ದಾಳೆ. ಅಲ್ಲಿದ್ದಾಗ ಹೆಸ್ಸಿಷ್ ಲಿಖ್ಟೆನೌ ಎಂಬ ಊರಿನ ಪಕ್ಕದ ಹಿರ್ಷ್‌ಹಾಗನ್ ಕಡೆಗೆ ಸುತ್ತಾಡಲು ಹೋಗಿದ್ದೆವು. ಕಾಡಿನ ನಡುವೆ ಪಾಳುಬಿದ್ದ ಕಾಂಕ್ರೀಟು ಕಟ್ಟಡಗಳು, ಚಾವಣಿಯ ಮೇಲೆ ಮರಗಳು. ಅವು ತಾವಾಗಿ ಬೆಳೆದವಲ್ಲ; ವಿಮಾನದಿಂದ ನೋಡುವವರಿಗೆ ಕಾಡಿನಂತೆಯೇ ಕಾಣಲಿ ಎಂದು ಕಟ್ಟುವಾಗಲೇ ಹಸಿರು ಹೊದಿಸಿದ್ದಂತೆ. ಕಟ್ಟಡಗಳ ನಡುವಿನ ಅಂತರ ಮತ್ತು ಮಣ್ಣಿನ ದಿಬ್ಬಗಳನ್ನು ಕಂಡ ಕೂಡಲೇ ಇದು ನಮ್ಮ ಕಸುಬಿನವರ ಜಾಗ ಎಂದು ಗೊತ್ತಾಯಿತು. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿ ದುಡಿದವರು ನಾಜಿಗಳ ಹತ್ಯಾಶಿಬಿರವಾದ ಆಶ್ವಿಟ್ಸ್‌ನಿಂದ ತಂದ ಹೆಂಗಸರು ಎಂದು ಮಗಳು ಹೇಳಿದಾಗ ಮಾತ್ರ ನನ್ನ ತಲೆಗೆ ಹೋಗಲಿಲ್ಲ.

ಹೊಟ್ಟೆಗಿಲ್ಲದವರು, ತಮ್ಮವರನ್ನು ಕೊಂದ ಸೈನ್ಯಕ್ಕೆ ಫಿರಂಗಿಯ ಷೆಲ್ ತುಂಬಿಕೊಡಬೇಕಾದವರು. ಅಂಥವರನ್ನು ಸ್ಫೋಟಕದ ಪಕ್ಕ ನಿಲ್ಲಿಸಿದ್ದು ಯಾವ ಧೈರ್ಯದ ಮೇಲೆ? ಬೇಕೆಂದೇ ಕೆಡಿಸಿದರೆ ಏನು ಮಾಡುತ್ತಿದ್ದರು? ಯುದ್ಧಕೈದಿಗಳನ್ನು ಮದ್ದುಗುಂಡಿನ ಕೆಲಸಕ್ಕೆ ಹಚ್ಚಬಾರದು ಎಂಬ ನಿಯಮ ಆಗಲೂ ಇತ್ತಲ್ಲವೇ? ಬಲ್ಲವರು ಹೇಳಬೇಕು. ನೀತಿಬೋಧೆ ಬೇಡ, ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು ಬೇಕು.

ಉತ್ತರ: ಇತಿಹಾಸದ ಮೇಷ್ಟ್ರು

ಉಗ್ರಾಣಿಯವರಿಗೆ ನಮಸ್ಕಾರ. ಮೊದಲಿಗೆ ಒಂದು ವಿಂಗಡಣೆ. ನೀವು ನೋಡಿದ್ದು ದಾಸ್ತಾನಲ್ಲ, ಕಾರ್ಖಾನೆ. ಹಿರ್ಷ್‌ಹಾಗನ್‌ನಲ್ಲಿ ಟಿಎನ್‌ಟಿ ಎಂಬ ಸ್ಫೋಟಕ ತಯಾರಿಸಿ ಷೆಲ್, ಬಾಂಬು, ನೆಲಬಾಂಬುಗಳಿಗೆ ತುಂಬುತ್ತಿದ್ದರು. ಹೀಗೆ ತುಂಬಿದ ಮಾಲು ಹೋಗುತ್ತಿದ್ದುದು 'ಮೂನಾ' ಎಂದು ಕರೆಯುತ್ತಿದ್ದ ಸೇನಾ ದಾಸ್ತಾನುಗಳಿಗೆ. ಭೂಸೇನೆಗೆ ಬೇರೆ ಮೂನಾ, ವಾಯುಸೇನೆಗೆ ಬೇರೆ. ಅಲ್ಲಿ ಷೆಲ್ಲಿಗೆ ಅದನ್ನು ಸಿಡಿಸುವ ಫ್ಯೂಸ್ ಕೂರಿಸುವುದು, ಕಾರ್ಟ್ರಿಜ್‌ಗೆ ಮದ್ದಿನ ಚೀಲ ಇಡುವುದು, ಪೆಟ್ಟಿಗೆಗೆ ತುಂಬಿ ರೈಲು ಬೋಗಿಗೆ ಏರಿಸುವುದು, ರಣರಂಗದಿಂದ ಹಿಂತಿರುಗಿದ ಖಾಲಿ ಹಿತ್ತಾಳೆ ಕೊಳವೆಗಳನ್ನು ತೊಳೆದು ಮತ್ತೆ ಬಳಕೆಗೆ ತರುವುದು. ಕಾಡು, ಕವಲು ರೈಲುಹಳಿ, ಮಣ್ಣು ಹೊದಿಸಿದ ಬಂಕರುಗಳು: ಬಹುಪಾಲು ಮೂನಾಗಳದು ಹೆಚ್ಚುಕಡಿಮೆ ಒಂದೇ ನಕಾಶೆ.

ಜನ ಎಲ್ಲಿಂದ ಬಂದರು? ಜರ್ಮನ್ ಗಂಡಸರು ರಣರಂಗದಲ್ಲಿದ್ದರು. 1942ರ ಮಾರ್ಚಿನಲ್ಲಿ ಫ್ರಿಟ್ಸ್ ಜೌಕೆಲ್ ಎಂಬವನನ್ನು ಹಿಟ್ಲರ್ ಕೂಲಿ ಸಂಗ್ರಹದ ಮುಖ್ಯಾಧಿಕಾರಿಯನ್ನಾಗಿ ನೇಮಿಸಿದ. ಉಕ್ರೇನ್, ಪೋಲೆಂಡ್, ಬೆಲರೂಸ್‌ಗಳಲ್ಲಿ ಊರೂರು ಸುತ್ತುವರಿದು ಹದಿಹರೆಯದವರನ್ನೂ ಬಿಡದೆ ರೈಲಿಗೆ ತುಂಬಿದರು. 1944ರ ಆಗಸ್ಟ್ ವೇಳೆಗೆ ಜರ್ಮನ್ ಸಾಮ್ರಾಜ್ಯದೊಳಗೆ ದುಡಿಯುತ್ತಿದ್ದ ವಿದೇಶಿಯರು 76 ಲಕ್ಷ, ಅದರಲ್ಲಿ ಸುಮಾರು 19 ಲಕ್ಷ ಯುದ್ಧಕೈದಿಗಳು. ದುಡಿಯುವವರಲ್ಲಿ ನಾಲ್ವರಿಗೆ ಒಬ್ಬರಂತೆ ಹೊರಗಿನವರು. ಹಾಗಾಗಿ ಮದ್ದಿನ ಮನೆಯನ್ನು ಮಾತ್ರ ಅವರಿಂದ ದೂರ ಇಡುತ್ತೇವೆ ಎಂಬ ಮಾತಿಗೆ ಅರ್ಥವೇ ಉಳಿದಿರಲಿಲ್ಲ.

ಆಶ್ವಿಟ್ಸ್‌ನಿಂದ ಹೆಂಗಸರು ಬಂದದ್ದು ಇನ್ನೂ ತಡವಾಗಿ, ಹಂಗೆರಿಯ ಯೆಹೂದಿಗಳನ್ನು 1944ರಲ್ಲಿ ಗಡೀಪಾರು ಮಾಡಿದ ಮೇಲೆ. ನೀವು ಹೋದ ಜಾಗಕ್ಕೆ ಆ ಆಗಸ್ಟಿನಲ್ಲಿ 1,000 ಮಂದಿ ಬಂದರು. ಅದೇ ತಿಂಗಳು ಅಷ್ಟೇ ಮಂದಿ ಮಾರ್‌ಬುರ್ಗ್ ಬಳಿಯ ಆಲೆನ್‌ಡಾರ್ಫ್‌ಗೆ. ಬ್ರೆಮೆನ್ ಉತ್ತರಕ್ಕಿರುವ ಲ್ಯೂಬರ್‌ಸ್ಟೆಟ್ ಎಂಬಲ್ಲಿ ವಾಯುಸೇನೆಯ ಮೂನಾ ಇತ್ತು. ಅಲ್ಲಿಗೆ 500 ಮಂದಿ. ಮೊದಲ ಎರಡು ಬೂಖನ್‌ವಾಲ್ಡ್ ಶಿಬಿರದ ಉಪಶಿಬಿರಗಳು, ಮೂರನೆಯದು ನೋಯೆನ್‌ಗಾಮೆಯದು. ಕೈದಿಯನ್ನು, ಶಿಬಿರಗಳನ್ನು ನಡೆಸುತ್ತಿದ್ದ ನಾಜಿ ಎಸ್‌ಎಸ್ ಪಡೆ ಬಾಡಿಗೆಗೆ ಕೊಡುತ್ತಿತ್ತು. ಕುಶಲಿಯಲ್ಲದವರಿಗೆ ದಿನಕ್ಕೆ ತಲೆಗೆ 4 ಮಾರ್ಕ್. ಕಂಪನಿ ಕಟ್ಟುತ್ತಿತ್ತು, ಎಸ್‌ಎಸ್ ಕಡೆಯಿಂದ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು, ದುಡಿದವಳಿಗೆ ಬಿಡಿಗಾಸಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಧೈರ್ಯ, ನಂಬಿಕೆ ಎಂಬುದು ಅಲ್ಲಿ ಲೆಕ್ಕಕ್ಕೇ ಇರಲಿಲ್ಲ. ಕೆಲಸವನ್ನು ಚೂರುಚೂರಾಗಿ ಒಡೆದಿದ್ದರು. ಒಬ್ಬಳು ದಿನವಿಡೀ ಖಾಲಿ ಷೆಲ್ಲನ್ನು ಒರೆಸುತ್ತಾಳೆ, ಮುಂದಿನವಳು ಕರಗಿದ ಸ್ಫೋಟಕ ಹುಯ್ಯುತ್ತಾಳೆ, ಇನ್ನೊಬ್ಬಳು ಮೇಲ್ಭಾಗ ಕೆರೆದು ಸಮ ಮಾಡುತ್ತಾಳೆ. ಕೊನೆಯಲ್ಲಿ ಜರ್ಮನ್ ಮೇಸ್ತ್ರಿಯ ತಪಾಸಣೆ. ತುಂಬಿದ ಸ್ಥಳ, ದಿನಾಂಕ, ಲಾಟ್ ಗುರುತು ಮಾಲಿನ ಮೇಲೆಯೇ ಇರುತ್ತಿದ್ದುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕೆಟ್ಟ ಮಾಲು ಹಿಂದಕ್ಕೆ ಬಂದರೆ ಆ ಪಾಳಿಯವರ ಕೊರಳಿಗೇ ಬರುತ್ತಿತ್ತು. ಪೂರ್ವದೇಶದ ಕೂಲಿಗಳ ಮೇಲೆ ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊಗೆ ನೇರ ಅಧಿಕಾರವಿತ್ತು, ಕೋರ್ಟಿನ ಮಾತೇ ಇಲ್ಲ. ತಡವಾಗಿ ಬಂದರೆ, ನಿಧಾನವಾಗಿ ದುಡಿದರೆ 'ದುಡಿಮೆ ಕಲಿಸುವ ಶಿಬಿರ'ದಲ್ಲಿ ಎಂಟು ವಾರದವರೆಗೆ. ಬೇಕೆಂದೇ ಕೆಡಿಸಿದರು ಎಂಬ ಅನುಮಾನ ಬಂದರೆ ನೇಣು, ಅದೂ ಉಳಿದವರನ್ನು ಸಾಲಾಗಿ ನಿಲ್ಲಿಸಿ ಅವರ ಕಣ್ಣೆದುರಿಗೆ.

ನಡುಗುವ ಕೈಯನ್ನು ನೀವು ಮನೆಗೆ ಕಳುಹಿಸುತ್ತಿದ್ದಿರಿ. ಅವರೂ ಕಳುಹಿಸಿದರು. 1944ರ ಅಕ್ಟೋಬರ್ ಕೊನೆಯಲ್ಲಿ ಹೆಸ್ಸಿಷ್ ಲಿಖ್ಟೆನೌದಿಂದ 206 ಹೆಂಗಸರನ್ನು ಕೆಲಸಕ್ಕೆ ಬಾರದವರು ಎಂದು ಆರಿಸಿ ಆಶ್ವಿಟ್ಸ್‌ಗೆ ವಾಪಸು ಸಾಗಿಸಿದರು. ಉಳಿದವರ ಕೈ ಆಮೇಲೆ ಹೇಗೆ ನಡುಗಿರಬಹುದು, ನೀವೇ ಊಹಿಸಿ.

ನಿಯಮದ ವಿಚಾರ. 1929ರ ಜಿನೀವಾ ಒಪ್ಪಂದದ 31ನೆಯ ವಿಧಿ ಯುದ್ಧಕೈದಿಗಳಿಂದ ಶಸ್ತ್ರ, ಮದ್ದುಗುಂಡು ತಯಾರಿಸುವುದನ್ನೂ ಸಾಗಿಸುವುದನ್ನೂ ಸ್ಪಷ್ಟವಾಗಿ ನಿಷೇಧಿಸಿತ್ತು. ಜರ್ಮನಿ ಅದನ್ನು ಒಪ್ಪಿ ಸಹಿ ಹಾಕಿದ ದೇಶ. ಹಾಗಾದರೆ ಏನು ಮಾಡಿದರು? ಕೈದಿಯ ದರ್ಜೆಯನ್ನೇ ಕಿತ್ತುಕೊಂಡರು. ಪೋಲೆಂಡಿನ ಸೈನಿಕರನ್ನು ಕಾಗದದ ಮೇಲೆ ಬಿಡುಗಡೆ ಮಾಡಿ ನಾಗರಿಕ ಕೂಲಿಗಳೆಂದು ಬರೆದುಕೊಂಡರು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದ ಮೇಲೆ ಸೆರೆಸಿಕ್ಕ ಇಟಲಿಯ ಆರು ಲಕ್ಷಕ್ಕೂ ಹೆಚ್ಚು ಸೈನಿಕರಿಗೆ ಯುದ್ಧಕೈದಿಯ ಹಕ್ಕು ದಕ್ಕದಂತೆ ಹೊಸದೊಂದು ವರ್ಗವನ್ನೇ ಸೃಷ್ಟಿಸಿದರು. ಸೋವಿಯತ್ ಕೈದಿಗಳ ವಿಷಯದಲ್ಲಿ 'ನಿಮ್ಮ ದೇಶ ಸಹಿ ಹಾಕಿಲ್ಲ' ಎಂಬ ನೆಪ. ಆ 57 ಲಕ್ಷ ಕೈದಿಗಳಲ್ಲಿ ಸುಮಾರು 33 ಲಕ್ಷ ಮಂದಿ ಸತ್ತರು. ದಫ್ತರದಲ್ಲಿ ಕೂತು ಇಷ್ಟು ಅಚ್ಚುಕಟ್ಟಾಗಿ ಕಾನೂನು ಮುರಿದವರನ್ನು ನಾನು ಬೇರೆಲ್ಲೂ ಓದಿಲ್ಲ.

ಉತ್ತರ: ಕಾರ್ಮಿಕರ ವೈದ್ಯೆ

ಮೇಷ್ಟ್ರು ಬಿಟ್ಟ ಒಂದು ಸಂಗತಿ ನನ್ನ ಕ್ಷೇತ್ರದ್ದು. ಸಿಡಿದರೆ ಮಾತ್ರ ಅಪಾಯ ಎಂದು ತಿಳಿಯಬೇಡಿ. ಟಿಎನ್‌ಟಿ ಸಿಡಿಯದೆಯೂ ಕೊಲ್ಲುತ್ತದೆ. ಅದರ ದೂಳು, ಕರಗಿಸುವಾಗ ಏಳುವ ಆವಿ ಎರಡೂ ಉಸಿರಿನೊಡನೆ ಒಳಹೋಗುತ್ತವೆ. ಬೆವರಿದ ಚರ್ಮದ ಮೂಲಕವೂ ಇಳಿಯುತ್ತವೆ. ಮೊದಲು ಅಂಗೈ, ಮುಖ ಹಳದಿಯಾಗುತ್ತದೆ, ಕೂದಲು ಕೆಂಚಾಗುತ್ತದೆ. ಇದು ಬರೀ ಬಣ್ಣ. ಒಳಗೆ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದಂತಾಗಿ ತುಟಿ, ಉಗುರು ನೀಲಿಗಟ್ಟುತ್ತವೆ. ತಲೆನೋವು, ಓಕರಿಕೆ, ಹಸಿವಿಲ್ಲದಿರುವುದು. ಆಮೇಲೆ ಯಕೃತ್ತು ಕೆಡುತ್ತದೆ, ಕಾಮಾಲೆ ಬರುತ್ತದೆ. ಕೆಲವರಲ್ಲಿ ಅಸ್ಥಿಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸುತ್ತದೆ.

ಇದು ಆಗ ತಿಳಿಯದ ಸಂಗತಿಯಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಷೆಲ್ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರು ಹಳದಿಯಾಗಿ, ನೂರಕ್ಕೂ ಹೆಚ್ಚು ಮಂದಿ ಕಾಮಾಲೆಯಿಂದ ಸತ್ತಾಗಲೇ ವೈದ್ಯರು ಇದನ್ನೆಲ್ಲ ಬರೆದಿಟ್ಟಿದ್ದರು. ಕೈಗವಸು, ಗಾಳಿ ಹೊರಹಾಕುವ ಯಂತ್ರ, ಪಾಳಿ ಮುಗಿದ ಕೂಡಲೇ ಸ್ನಾನ, ಬಟ್ಟೆ ಬದಲಾವಣೆ, ಕೆಲವು ವಾರಗಳಿಗೊಮ್ಮೆ ಬೇರೆ ಕೆಲಸ, ಹೊಟ್ಟೆತುಂಬ ಊಟ: ಮದ್ದು ಇಷ್ಟೇ. ಶಿಬಿರದ ಕೈದಿಗೆ ಇರುವುದು ಒಂದೇ ಜೊತೆ ಬಟ್ಟೆ. ಹಗಲು ಆ ದೂಳು ಹಿಡಿದದ್ದನ್ನೇ ಹೊದ್ದು ರಾತ್ರಿ ಮಲಗಬೇಕು. ಹಸಿದ ದೇಹದ ಯಕೃತ್ತು ಮೊದಲೇ ಸೋತಿರುತ್ತದೆ. ಅದೇ ಕೋಣೆಯಲ್ಲಿ ಅದೇ ಪ್ರಮಾಣದ ವಿಷ ಇಬ್ಬರಿಗೆ ತಗುಲಿದರೂ ಉಂಡವಳಿಗೂ ಉಣ್ಣದವಳಿಗೂ ಆಗುವ ಹಾನಿ ಒಂದೇ ಅಲ್ಲ.

ವಿಷ ಅಲ್ಲಿಗೇ ನಿಲ್ಲಲಿಲ್ಲ. ಆಲೆನ್‌ಡಾರ್ಫ್ ಈಗ ಸ್ಟಾಟ್‌ಆಲೆನ್‌ಡಾರ್ಫ್ ಎಂಬ ಕೈಗಾರಿಕಾ ಪಟ್ಟಣ, ಹಳೆಯ ಕಾರ್ಖಾನೆಯ ಜಾಗದಲ್ಲೇ ಬೆಳೆದದ್ದು. ಯುದ್ಧ ಮುಗಿದು ನಾಲ್ಕೈದು ದಶಕಗಳಾದ ಮೇಲೂ ಟಿಎನ್‌ಟಿ ಹಿಡಿದ ಮಣ್ಣನ್ನು ಅಗೆದು ತೆಗೆಯುವ ಕೆಲಸ ಅಲ್ಲಿ ನಡೆಯಿತು.

ಉತ್ತರ: ನೇರ ಮಾತು

ಎಲ್ಲ ಸರಿ. ಆದರೆ ಯುದ್ಧದಲ್ಲಿ ಎಲ್ಲರೂ ಇದನ್ನೇ ಮಾಡಿದ್ದಾರೆ. ಇಂಗ್ಲೆಂಡಿನ ಬಾಂಬು ದಾಸ್ತಾನುಗಳಲ್ಲಿ ಇಟಲಿಯ ಕೈದಿಗಳು ದುಡಿಯಲಿಲ್ಲವೇ? ಫೌಲ್ಡ್ ಸ್ಫೋಟದಲ್ಲಿ ಅವರೂ ಸತ್ತರಲ್ಲ? ಒಬ್ಬರನ್ನೇ ಬೆರಳು ತೋರಿಸುವುದು ಯಾಕೆ?

ಮರುನುಡಿ: ನಿವೃತ್ತ ಉಗ್ರಾಣಿ

ಫೌಲ್ಡ್ ಹೆಸರು ತೆಗೆದಿರಿ, ನಾನು ಸುಮ್ಮನಿರಲಾರೆ. ನಮ್ಮ ಕಸುಬಿನವರೆಲ್ಲ ಓದಲೇಬೇಕಾದ ಪ್ರಕರಣ ಅದು. ಸ್ಟಾಫರ್ಡ್‌ಶೈರ್‌ನ ಹಳೆಯ ಜಿಪ್ಸಮ್ ಗಣಿಯೊಳಗೆ ಬ್ರಿಟಿಷ್ ವಾಯುಸೇನೆ ಬಾಂಬು ಇಟ್ಟಿತ್ತು. 1944ರ ನವೆಂಬರ್ 27ರಂದು ಬೆಳಗ್ಗೆ 11 ದಾಟಿದ ಹೊತ್ತಿಗೆ 3,500 ಟನ್ನಿಗೂ ಹೆಚ್ಚು ಮದ್ದುಗುಂಡು ಒಟ್ಟಿಗೆ ಸಿಡಿಯಿತು. ಮೇಲಿದ್ದ ತೋಟದ ಮನೆಯೊಂದು ಗುರುತೇ ಸಿಗದಂತೆ ಹೋಯಿತು. ಪಕ್ಕದ ನೀರಿನ ಕಟ್ಟೆ ಒಡೆದು ಕೆಸರು ಜಿಪ್ಸಮ್ ಕಾರ್ಖಾನೆಗೆ ನುಗ್ಗಿತು. ಸತ್ತವರು ಸುಮಾರು 70, ಅವರಲ್ಲಿ ಇಟಲಿಯವರೂ ಇದ್ದರು.

ಆದರೆ ಕಾರಣ ಏನು ಗೊತ್ತೇ? ಜೀವಂತ ಬಾಂಬಿನೊಳಗಿನ ಮದ್ದನ್ನು ಒಬ್ಬ ಕೆಲಸಗಾರ ಮರದ ಕಡ್ಡಿಯ ಬದಲು ಹಿತ್ತಾಳೆ ಉಳಿಯಿಂದ ಕೆತ್ತುತ್ತಿದ್ದುದನ್ನು ಕಂಡವರು ವಿಚಾರಣೆಯಲ್ಲಿ ಹೇಳಿದರು. ಹಿತ್ತಾಳೆಯಿಂದ ಕಿಡಿ ಹಾರುವುದಿಲ್ಲ, ನಿಜ. ಆದರೆ ಡಿಟೋನೇಟರ್ ಹತ್ತಿರ ಕಿಡಿ ಬೇಕಿಲ್ಲ, ಪೆಟ್ಟು ಸಾಕು. ಮೇಲ್ವಿಚಾರಣೆ ಸಡಿಲವಾಗಿತ್ತು, ಬಲ್ಲವರು ಕಡಿಮೆಯಿದ್ದರು. ಕೈದಿಯ ದ್ವೇಷದಿಂದ ಆದದ್ದಲ್ಲ, ಕಲಿಸದೆ ಕೆಲಸಕ್ಕೆ ಹಚ್ಚಿದ್ದರಿಂದ ಆದದ್ದು.

ನೀವು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟು. ಇಟಲಿ ಬಣ ಬದಲಿಸಿದ ಮೇಲೆ ಬ್ರಿಟಿಷರು 'ಸಹಕರಿಸುವಿರಾ' ಎಂದು ಆ ಕೈದಿಗಳನ್ನು ಕೇಳಿದರು. ಒಪ್ಪಿದವರಿಗೆ ಓಡಾಡುವ ಸ್ವಾತಂತ್ರ್ಯ ಹೆಚ್ಚಿತು, ಒಪ್ಪದವರು ಶಿಬಿರದಲ್ಲೇ ಉಳಿದರು. ಬಾಂಬಿನ ಪಕ್ಕ ಅವರನ್ನು ನಿಲ್ಲಿಸಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ಒಲ್ಲೆ ಎನ್ನಬಹುದಾದವನನ್ನೂ, ಒಲ್ಲೆ ಎಂದರೆ ಸಾಯುವವಳನ್ನೂ ಒಂದೇ ಹಾಜರಿ ಪುಸ್ತಕದಲ್ಲಿ ಬರೆಯಬೇಡಿ. ಹಾಜರಿ ಪುಸ್ತಕ ಇಟ್ಟವನ ಮಾತು ಇದು.

ಮೇಷ್ಟ್ರೇ, ಒಂದು ಸಂದೇಹ ಉಳಿದಿದೆ. ಇಷ್ಟೆಲ್ಲ ಕಾವಲಿದ್ದರೂ ಒಬ್ಬರಾದರೂ ಕೈಚಳಕ ತೋರಿಸಲಿಲ್ಲವೇ?

ಉತ್ತರ: ಇತಿಹಾಸದ ಮೇಷ್ಟ್ರು

ತೋರಿಸಿದರು. ಅದೂ ಆಶ್ವಿಟ್ಸ್‌ನ ಒಳಗೇ. ಅಲ್ಲಿ ಯೂನಿಯನ್ ಎಂಬ ಕಂಪನಿಯ ಕಾರ್ಖಾನೆಯಲ್ಲಿ ಷೆಲ್ಲಿಗೆ ಫ್ಯೂಸ್ ತಯಾರಾಗುತ್ತಿತ್ತು. ಮದ್ದಿನ ಕೋಣೆಯಲ್ಲಿ ಕೈದಿ ಹೆಂಗಸರೇ ಕೂತು ಫ್ಯೂಸಿಗೆ ಪುಡಿ ಒತ್ತುತ್ತಿದ್ದರು. ರೆಗಿನಾ ಸಾಫಿರ್‌ಸ್ಟೈನ್, ಎಸ್ತೂಸಿಯಾ ವೈಟ್ಸ್‌ಬ್ಲುಮ್, ಅಲಾ ಗೆರ್ಟ್‌ನರ್ ಮತ್ತು ಅವರ ಜೊತೆಯವರು ಚಿಟಿಕೆ ಚಿಟಿಕೆಯಾಗಿ ಆ ಪುಡಿಯನ್ನು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ಮೈಮೇಲೆ ಅಡಗಿಸಿ ಹೊರಗೆ ತಂದರು. ಬಟ್ಟೆಬರೆ ವಿಂಗಡಿಸುವ ಕೆಲಸದಲ್ಲಿದ್ದ ರೋಜಾ ರೊಬೊಟಾ ಅದನ್ನು ಹೆಣ ಸುಡುವ ಕೆಲಸಕ್ಕೆ ಹಾಕಿದ್ದ ಕೈದಿಗಳಿಗೆ ಮುಟ್ಟಿಸುವ ವ್ಯವಸ್ಥೆ ಮಾಡಿದಳು. ತಿಂಗಳುಗಟ್ಟಲೆ ನಡೆದ ಕೆಲಸ ಇದು. 1944ರ ಅಕ್ಟೋಬರ್ 7ರಂದು ಆ ಕೈದಿಗಳು ದಂಗೆಯೆದ್ದರು. ನಾಲ್ಕನೆಯ ಸುಡುಗೂಡಿಗೆ ಬೆಂಕಿ ಬಿತ್ತು, ಅದು ಮತ್ತೆ ಬಳಕೆಗೆ ಬರಲೇ ಇಲ್ಲ. ಮೂವರು ಎಸ್‌ಎಸ್‌ನವರು ಸತ್ತರು. ಕೈದಿಗಳಲ್ಲಿ ಸುಮಾರು 450 ಮಂದಿ. ಪುಡಿಯ ಜಾಡು ಹಿಡಿದು ಹೋದವರು ಈ ನಾಲ್ವರು ಹೆಂಗಸರನ್ನು ಚಿತ್ರಹಿಂಸೆಗೆ ಗುರಿಮಾಡಿ 1945ರ ಜನವರಿ 6ರಂದು ನೇಣಿಗೆ ಹಾಕಿದರು. ಸೋವಿಯತ್ ಸೇನೆ ಆಶ್ವಿಟ್ಸ್ ತಲುಪಿದ್ದು ಅದೇ ತಿಂಗಳ 27ಕ್ಕೆ.

ಮೂನಾಗಳಲ್ಲಿ ಇಂಥ ದೊಡ್ಡ ಕಥೆಗಿಂತ ಸಣ್ಣ ವಿಳಂಬಗಳೇ ಹೆಚ್ಚು. ನಿಧಾನವಾಗಿ ದುಡಿಯುವುದು, ಹೇಳಿದ್ದು ತಿಳಿಯಲಿಲ್ಲ ಎಂದು ನಟಿಸುವುದು. ಬೇಕೆಂದು ಮಾಡಿದ್ದು ಯಾವುದು, ನಿತ್ರಾಣದಿಂದ ಆದದ್ದು ಯಾವುದು ಎಂದು ಕಾವಲಿನವರಿಗೂ ತಿಳಿಯುತ್ತಿರಲಿಲ್ಲ, ನಮಗೂ ತಿಳಿಯುವುದಿಲ್ಲ.

ಮರುನುಡಿ: ನಿವೃತ್ತ ಉಗ್ರಾಣಿ

ಪುಡಿಯ ಲೆಕ್ಕವನ್ನು ನಾವು ಗ್ರಾಮಿನಲ್ಲಿ ಇಡುತ್ತಿದ್ದೆವು. ಬಂದದ್ದು, ಬಳಸಿದ್ದು, ಚೆಲ್ಲಿದ್ದು, ಪಾಳಿ ಮುಗಿದಾಗ ಉಳಿದದ್ದು. ನಾಲ್ಕೂ ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ಅಂಥ ಕೋಣೆಯಿಂದ ತಿಂಗಳುಗಟ್ಟಲೆ ಪುಡಿ ಹೊರಬಿದ್ದಿದೆ ಎಂದರೆ ಆ ಹೆಂಗಸರು 'ಚೆಲ್ಲಿದ್ದು' ಎಂಬ ಅಂಕಣವನ್ನು ನನ್ನಂಥವನಿಗಿಂತ ಚೆನ್ನಾಗಿ ಅರಿತಿದ್ದರು ಎಂದು ನನ್ನ ಅನಿಸಿಕೆ. ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ, ಕಸುಬಿನ ಅಂದಾಜು.

ಬದುಕುಳಿದವರಿಗೆ ಕೂಲಿಯ ಬಾಕಿ ಏನಾದರೂ ಸಿಕ್ಕಿತೇ? ಮತ್ತು ಒಂದು ದಾಸ್ತಾನಿನಲ್ಲಿ ಯಾರು ಯಾರು ದುಡಿದರು ಎಂದು ನನ್ನಂಥ ಸಾಮಾನ್ಯ ಮನುಷ್ಯ ಹುಡುಕಲು ಸಾಧ್ಯವೇ? ಮಗಳು ಜರ್ಮನ್ ಓದಬಲ್ಲಳು.

ಉತ್ತರ: ಇತಿಹಾಸದ ಮೇಷ್ಟ್ರು

ಕೂಲಿಯ ಬಾಕಿ ಎಂದು ಯಾರೂ ಕೊಡಲಿಲ್ಲ. 2000ದಲ್ಲಿ ಜರ್ಮನ್ ಸರ್ಕಾರ ಮತ್ತು ಉದ್ಯಮಗಳು ಸೇರಿ ಸಾವಿರ ಕೋಟಿ ಮಾರ್ಕ್‌ಗಳ ಪ್ರತಿಷ್ಠಾನ ಸ್ಥಾಪಿಸಿದವು. 2007ರೊಳಗೆ 16 ಲಕ್ಷಕ್ಕೂ ಹೆಚ್ಚು ಮಂದಿಗೆ ಹಣ ಹೋಯಿತು. ಶಿಬಿರದ ಕೈದಿಗಳಾಗಿದ್ದವರಿಗೆ ಹೆಚ್ಚೆಂದರೆ 15,000 ಮಾರ್ಕ್, ಉಳಿದವರಿಗೆ ಅದಕ್ಕಿಂತ ಕಡಿಮೆ. ಅಷ್ಟರಲ್ಲಿ ಯುದ್ಧ ಮುಗಿದು 55 ವರ್ಷ ಕಳೆದಿತ್ತು, ಬಹುಪಾಲು ಜನ ಸತ್ತುಹೋಗಿದ್ದರು. ಯುದ್ಧಕೈದಿಗಳನ್ನು ಹೊರಗಿಟ್ಟರು. ಇಟಲಿಯ ಸೈನಿಕರಿಗೆ ಇಲ್ಲಿ ಎರಡನೆಯ ಪೆಟ್ಟು: ಅಂದು ಯುದ್ಧಕೈದಿಗಳಲ್ಲ ಎಂದು ದುಡಿಸಿಕೊಂಡರು, ಇಂದು ಯುದ್ಧಕೈದಿಗಳಾಗಿದ್ದಿರಿ ಎಂದು ಅರ್ಜಿ ತಳ್ಳಿಹಾಕಿದರು. ಸೋವಿಯತ್ ಕೈದಿಗಳಲ್ಲಿ ಉಳಿದಿದ್ದ ಮುದುಕರಿಗೆ ತಲಾ 2,500 ಯೂರೊ ಕೊಡಲು ಜರ್ಮನ್ ಸಂಸತ್ತು ಒಪ್ಪಿದ್ದು 2015ರಲ್ಲಿ.

ಹುಡುಕಲು ಖಂಡಿತ ಸಾಧ್ಯ. ಬಾಡ್ ಆರೋಲ್ಸನ್ ಎಂಬ ಊರಿನಲ್ಲಿ ಆರೋಲ್ಸನ್ ದಾಖಲೆ ಭಂಡಾರವಿದೆ. ಅದೂ ಹೆಸ್ಸೆನ್ ರಾಜ್ಯದಲ್ಲೇ ಇದೆ, ನಿಮ್ಮ ಮಗಳಿಗೆ ದೂರವಾಗಲಾರದು. ಸುಮಾರು 1.75 ಕೋಟಿ ಜನರ ಕುರಿತ ಕಾಗದಪತ್ರ ಅಲ್ಲಿವೆ. ಬಹಳಷ್ಟನ್ನು ಅಂತರ್ಜಾಲದಲ್ಲೂ ನೋಡಬಹುದು. ಯುದ್ಧ ಮುಗಿದ ಮೇಲೆ ಮಿತ್ರಪಡೆಗಳು ಪ್ರತಿಯೊಂದು ಊರಾಡಳಿತಕ್ಕೂ ಕಂಪನಿಗೂ 'ನಿಮ್ಮಲ್ಲಿದ್ದ ವಿದೇಶಿಯರ ಪಟ್ಟಿ ಕೊಡಿ' ಎಂದು ಆದೇಶಿಸಿದ್ದವು. ಆ ಪಟ್ಟಿಗಳು, ವಿಮೆ ಕಾರ್ಡುಗಳು, ಕೆಲಸದ ಪುಸ್ತಕಗಳು ಅಲ್ಲಿ ಸೇರಿವೆ. ಸ್ಟಾಟ್‌ಆಲೆನ್‌ಡಾರ್ಫ್‌ನಲ್ಲಿ 1994ರಿಂದ ಒಂದು ದಾಖಲೆ ಕೇಂದ್ರವೂ ಇದೆ, ಆ ಊರಿನವರು 1990ರಲ್ಲಿ ಬದುಕುಳಿದ ಹೆಂಗಸರನ್ನು ಕರೆಸಿಕೊಂಡ ಮೇಲೆ ರೂಪುಗೊಂಡದ್ದು.

ಹುಡುಕುವಾಗ ಊರಿನ ಹೆಸರನ್ನು ಹಳೆಯ ರೂಪದಲ್ಲೇ ಹಾಕಿ. ಈ ಮೂನಾ, ಕಾರ್ಖಾನೆಗಳ ಕಟ್ಟಡಗಳಲ್ಲಿ ಯುದ್ಧದ ನಂತರ ಪೂರ್ವದಿಂದ ಹೊರದಬ್ಬಿಸಿಕೊಂಡು ಬಂದ ಜರ್ಮನ್ ನಿರಾಶ್ರಿತರು ನೆಲೆಸಿ ಹೊಸ ಪಟ್ಟಣಗಳೇ ಎದ್ದಿವೆ. ಎಸ್ಪೆಲ್‌ಕಾಂಪ್ ಅಂಥದ್ದು. ಬವೇರಿಯಾದ ಟ್ರೌನ್‌ರಾಯ್ಟ್ ಎಂಬ ಹೆಸರು 1945ರ ಯಾವ ಕಾಗದದಲ್ಲೂ ಸಿಗುವುದಿಲ್ಲ, ಸಾಂಕ್ಟ್ ಗೇಯೋರ್ಗನ್ ಮೂನಾ ಎಂದು ಹುಡುಕಬೇಕು. ಸ್ಟಾಟ್‌ಆಲೆನ್‌ಡಾರ್ಫ್‌ಗೆ ಬರೀ ಆಲೆನ್‌ಡಾರ್ಫ್. ಆ ಹೆಸರಿನ ಊರುಗಳು ಜರ್ಮನಿಯಲ್ಲಿ ಹಲವು ಇರುವುದರಿಂದ ಜೊತೆಗೆ ಮಾರ್‌ಬುರ್ಗ್ ಜಿಲ್ಲೆ ಎಂದೂ ಸೇರಿಸಲು ಮಗಳಿಗೆ ಹೇಳಿ.